ಆರಿಸುವುದು ಸಲೀಸು, ಮತ್ತೆ ಹಚ್ಚುವುದೇ ತಕರಾರು

ಧಾರವಾಡದ ನಮ್ಮ ಓಣಿಯಲ್ಲಿ ಒಂದೇ ವರ್ಷದಲ್ಲಿ ಮೂರು ಮನೆಗಳು ‘ಸ್ಮಾರ್ಟ್’ ಆದವು, ಅಂದರೆ ಮೊಬೈಲ್ ಆ್ಯಪ್ಪಿನಿಂದ ಹಚ್ಚಿ ಆರಿಸುವ ಪ್ಲಗ್ಗು, ಸ್ವಿಚ್ಚು ಹಾಕಿಸಿಕೊಂಡವು. ಒಬ್ಬರ ಪ್ಲಗ್ ಹದಿನೈದು ದಿನಕ್ಕೆ ಕರಗಿತು. ಇನ್ನೊಬ್ಬರ ಮೋಟರ್ ಖಾಲಿ ಸಂಪಿನಲ್ಲಿ ರಾತ್ರಿಯಿಡೀ ಗುರುಗುಟ್ಟಿ ಸುಟ್ಟಿತು. ಮೂರನೆಯದು ನಮ್ಮದೇ ಮನೆ. ಹೋಗಿದ್ದ ಕರೆಂಟ್ ಬಂದ ಕೂಡಲೇ ಎರಡು ಗೀಸರ್, ಏಸಿ, ಸಂಪಿನ ಮೋಟರ್ ಎಲ್ಲ ಒಟ್ಟಿಗೆ ಎದ್ದವು. ಲೆಕ್ಕ ಹಾಕಿದರೆ ಸುಮಾರು 29 ಆಂಪಿಯರ್, ಮೇನ್ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇದ್ದದ್ದು 20ರದು. ಕೆಲವೇ ನಿಮಿಷಕ್ಕೆ ಅದು ಬಿತ್ತು. ನಾನು ಎತ್ತಿದೆ, ಮತ್ತೆ ಬಿತ್ತು. ಮೂರನೇ ಸಲಕ್ಕೆ ಪಕ್ಕದ ಮನೆಯ ಕಾಕಾ ಕಂಪೌಂಡಿನ ಆಚೆಯಿಂದ ಕೇಳಿದರು: “ಏನ್ರೀ ಸರ, ಮನಿ ಶ್ಯಾಣೇ ಆಗೇತಿ ಅಂದ್ರಿ, ಕತ್ತಲದಾಗ ಕುಂತೀರಲ್ಲ?”

ಅದಕ್ಕೇ ಈ ಲೇಖನ. ಕರೆಂಟಿನ ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಮನೆಯ ದೊಡ್ಡ ಸಾಮಾನುಗಳು ತಾವಾಗೇ ಹಿಂದೆ ಸರಿದು, ಬೇಡಿಕೆ ಇಳಿದ ಮೇಲೆ ತಾವಾಗೇ ಕೆಲಸ ಮುಗಿಸುವ ಹಾಗೆ ಮಾಡುವುದು ಹೇಗೆ? ಇದಕ್ಕೆ ‘ಡಿಮಾಂಡ್ ರೆಸ್ಪಾನ್ಸ್’ ಎನ್ನುತ್ತಾರೆ. ಹೆಸರು ಭಾರಿಯಾದರೂ ಸಂಗತಿ ನಮ್ಮ ರೈತರಿಗೆ ಹಳೆಯದು. ತ್ರೀ ಫೇಸ್ ಪಾಳಿ ಬಂದಾಗ ಮಾತ್ರ ಬೋರಿನ ಮೋಟರ್ ಓಡಿಸುವುದು ಇದರದೇ ಒರಟು ರೂಪ.

ಯಾಕೆ ಬೇಕು ಎಂದರೆ, ಸಂಜೆ ಆರರಿಂದ ಹತ್ತರವರೆಗೆ ಊರಿಗೆ ಊರೇ ಲೈಟು, ಫ್ಯಾನು, ಮಿಕ್ಸರ್, ಏಸಿ ಹಚ್ಚಿಕೊಂಡು ಕೂರುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು ಸರಿಯಾಗಿ ಅದೇ ಹೊತ್ತಿಗೆ ಸೊನ್ನೆಗೆ ಇಳಿಯುತ್ತದೆ. ಗದಗಿನ ಕಡೆಯ ಗಾಳಿಯಂತ್ರಗಳು ಗಾಳಿ ಬೀಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಶರಾವತಿಯ ನೀರನ್ನು ಬೇಸಿಗೆಗೂ ಉಳಿಸಬೇಕು. ಕರೆಂಟ್ ತಯಾರಿಸುವ ಕಡೆ ಇಷ್ಟು ಕೈ ಕಟ್ಟಿರುವಾಗ ಬಳಸುವ ಕಡೆ ಸ್ವಲ್ಪ ಸರಿಸುವುದೇ ಅಗ್ಗದ ದಾರಿ. ಕೇಂದ್ರ ಸರ್ಕಾರ 2023ರ ಜೂನಿನಲ್ಲಿ ತಂದ ನಿಯಮದ ಪ್ರಕಾರ, ಸ್ಮಾರ್ಟ್ ಮೀಟರ್ ಇರುವ ಗ್ರಾಹಕರಿಗೆ ಹೊತ್ತಿಗೊಂದು ದರ ಬರಬೇಕು. 10 ಕಿಲೋವಾಟ್ ಮೀರಿದ ವ್ಯಾಪಾರ, ಕೈಗಾರಿಕೆಗಳಿಗೆ 2024ರ ಏಪ್ರಿಲ್‌ನಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್‌ನಿಂದ ಎಂದು ಅದರಲ್ಲಿದೆ. ಬಿಸಿಲಿನ ಹೊತ್ತಿನ ಕರೆಂಟ್ ಅಗ್ಗ, ಸಂಜೆಯದು ತುಟ್ಟಿ. ನಮ್ಮ ಮನೆಯ ಬಿಲ್ಲಿನಲ್ಲಿ ಇನ್ನೂ ಇಡೀ ದಿನಕ್ಕೆ ಒಂದೇ ದರ ಇದೆ. ನಿಮ್ಮದರಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಇದರಿಂದ ಯೂನಿಟ್ ಕಡಿಮೆ ಆಗುವುದಿಲ್ಲ, ಬಳಸುವ ಹೊತ್ತು ಮಾತ್ರ ಬದಲಾಗುತ್ತದೆ. ಅಷ್ಟೇ ಅಲ್ಲ, ಒಂದೊಂದು ಸ್ಮಾರ್ಟ್ ಪ್ಲಗ್ ಸುಮ್ಮನೆ ಕೂತು ಸುಮಾರು ಒಂದು ವಾಟ್ ತಿಂದರೂ ಹತ್ತು ಪ್ಲಗ್ ಸೇರಿ ತಿಂಗಳಿಗೆ ಏಳು ಯೂನಿಟ್ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಗಡಿಯ ಅಂಚಿನಲ್ಲಿ ಇರುವವರು ಮನೆ ತುಂಬ ಪ್ಲಗ್ ಹಾಕಿಕೊಂಡು ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಎರಡು ಮೂರು ಸಾಮಾನಿಗೆ ಹಾಕಿದರೆ ಸಾಕು.

ಹಂತ 1: ಯಾವುದನ್ನು ಮುಟ್ಟಬೇಕು

ಗೀಸರ್, ಸಂಪಿನ ಮೋಟರ್, ಏಸಿ, ವಾಷಿಂಗ್ ಮಷಿನ್, ವಿದ್ಯುತ್ ಸ್ಕೂಟರಿನ ಚಾರ್ಜರ್. ಇಷ್ಟೇ. ಫ್ರಿಜ್ಜಿನ ತಂಟೆಗೆ ಹೋಗಬೇಡಿ. ಎಲ್‌ಇಡಿ ಬಲ್ಬುಗಳಿಗೆ ಆ್ಯಪ್ ಹಾಕುವುದು ಶೋಕಿ. ಒಂಬತ್ತು ವಾಟಿನ ಬಲ್ಬು ಆರಿಸಿ ಗ್ರಿಡ್ (ದೇಶದ ವಿದ್ಯುತ್ ಜಾಲ) ಉಳಿಸಿದವರು ಯಾರೂ ಇಲ್ಲ.

ಹಂತ 2: ಸಾಮಾನು ಕೊಳ್ಳುವುದು

ಕರಗಿದ ಪ್ಲಗ್ಗಿನ ಕತೆ ಇಲ್ಲಿಯದು. 2 ಕಿಲೋವಾಟ್ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಹತ್ತು ಆಂಪಿಯರ್ ಪ್ಲಗ್ ಇದೆಯಲ್ಲ, ಸಾಲುತ್ತದೆ ಎಂದು ಕಾಗದದ ಮೇಲೆ ಅನಿಸುತ್ತದೆ. ಆದರೆ ಸಡಿಲವಾದ ಸಾಕೆಟ್ಟಿನಲ್ಲಿ ಅರ್ಧ ತಾಸು ಅಷ್ಟು ಕರೆಂಟ್ ಹರಿದರೆ ಪಿನ್ನು ಕಾದು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಗೀಸರಿಗೆ 16 ಆಂಪಿಯರಿನದೇ ತೆಗೆದುಕೊಳ್ಳಿ, ಅದರಲ್ಲೂ ಐಎಸ್‌ಐ ಗುರುತು ನೋಡಿ. ಡಬ್ಬಿಯ ಮೇಲೆ 16 ಎಂದು ಬರೆದು ಒಳಗೆ 10ರ ರಿಲೇ (ಕರೆಂಟ್ ಹಚ್ಚಿ ಆರಿಸುವ ಪುಟ್ಟ ಸ್ವಿಚ್) ಕೂರಿಸಿದ ಅಗ್ಗದ ಮಾಲು ಮಾರುಕಟ್ಟೆಯಲ್ಲಿ ಇದೆ, ನಾನೇ ಬಿಚ್ಚಿ ನೋಡಿದ್ದೇನೆ.

ಮೋಟರಿಗೆ ಪ್ಲಗ್ ಬೇಡವೇ ಬೇಡ. ಒಂದು ಎಚ್‌ಪಿ ಮೋಟರ್ ಏಳುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕಿಡಿಗೆ ರಿಲೇಯ ಎರಡು ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆ್ಯಪ್ ‘ಆಫ್’ ಎಂದು ತೋರಿಸುತ್ತಿರುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ನಮ್ಮ ಓಣಿಯ ಆ ಮೋಟರ್ ಸುಟ್ಟಿದ್ದು ಹೀಗೆ. ಸ್ಮಾರ್ಟ್ ರಿಲೇ ಒಂದು ಕಾಂಟ್ಯಾಕ್ಟರಿನ (ಭಾರಿ ಹೊರೆ ತಡೆಯುವ ದೊಡ್ಡ ಸ್ವಿಚ್ಚಿನ) ಕಾಯಿಲ್ ಅನ್ನು ಮಾತ್ರ ಎಳೆಯಲಿ, ಮೋಟರಿನ ಹೊರೆಯನ್ನು ಕಾಂಟ್ಯಾಕ್ಟರ್ ಹೊರಲಿ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಅವರು ಬಂದಾಗಲೇ ಗೀಸರಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಇದೆಯೋ ನೋಡಿಸಿಬಿಡಿ.

ಏಸಿಯನ್ನು ಓಡುತ್ತಿರುವಾಗ ಪ್ಲಗ್ಗಿನಿಂದ ಕಡಿಯಬೇಡಿ, ಕಂಪ್ರೆಸರಿಗೆ ಒಳ್ಳೆಯದಲ್ಲ. ಅದರದೇ ವೈಫೈ ಇದ್ದರೆ ಅದು, ಇಲ್ಲವಾದರೆ ರಿಮೋಟಿನ ಬದಲು ಸಂಕೇತ ಕಳಿಸುವ ಇನ್‌ಫ್ರಾರೆಡ್ ಡಬ್ಬಿ ಸಾಕು. ಆರಿಸುವುದಕ್ಕಿಂತ 24ರಿಂದ 27ಕ್ಕೆ ಏರಿಸುವುದು ಜಾಣತನ, ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಇನ್ನು ಜಾತ್ರೆಯಲ್ಲೂ ಆನ್‌ಲೈನಿನಲ್ಲೂ ಮಾರುವ ‘ಕರೆಂಟ್ ಉಳಿಸುವ ಡಬ್ಬಿ’. ಒಳಗೆ ಇರುವುದು ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಮನೆಯ ಬಿಲ್ಲು ಯೂನಿಟ್ ಮೇಲೆ ಬರುವುದರಿಂದ ಅದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಆ ದುಡ್ಡಿಗೆ ಪೇಢೆ ತಿನ್ನಿ.

ಹಂತ 3: ವೈಫೈಗೆ ಜೋಡಿಸುವುದು

ರೌಟರಿನ 2.4 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿ, 5ಕ್ಕೆ ಬಹುತೇಕ ಪ್ಲಗ್ಗುಗಳು ಸೇರುವುದಿಲ್ಲ. ಮುಗಿಯಿತು.

ಹಂತ 4: ಸೂಚನೆ ಎಲ್ಲಿಂದ

ಪೂರ್ತಿ ವ್ಯವಸ್ಥೆ ಇರುವಲ್ಲಿ ವಿದ್ಯುತ್ ಕಂಪನಿಯ ಸರ್ವರ್ ಒಂದು ಸಂದೇಶ ಕಳಿಸುತ್ತದೆ: ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಹೊರೆ ಇಳಿಸಿ. ಮನೆಯ ಅಥವಾ ಕಾರ್ಖಾನೆಯ ಗೇಟ್‌ವೇ ಎಂಬ ನಡುವಿನ ಡಬ್ಬಿ ಅದನ್ನು ಓದಿ ಸಾಮಾನುಗಳಿಗೆ ಹೇಳುತ್ತದೆ. ಆಮೇಲೆ ಹಿಂದಿನ ಅಂಥದೇ ದಿನಗಳ ಬಳಕೆಗೆ ಹೋಲಿಸಿ ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ಈ ಸಂದೇಶಕ್ಕೆ ‘ಓಪನ್‌ಎಡಿಆರ್’ ಎಂಬ ಸಾಮಾನ್ಯ ಭಾಷೆ ಇದೆ. 2000–01ರ ಕ್ಯಾಲಿಫೋರ್ನಿಯಾದ ಕರೆಂಟ್ ಬಿಕ್ಕಟ್ಟಿನ ನಂತರ ಅಲ್ಲಿಯ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಅದರ ಕೆಲಸ ಶುರುವಾಯಿತು.

ಮನೆಗೆ ಗಡಿಯಾರವೇ ಸಾಕಷ್ಟು ಒಳ್ಳೆಯ ಸೂಚನೆ. ಸಂಜೆ 6ರಿಂದ 10 ಗೀಸರಿಗೆ, ಮೋಟರಿಗೆ, ಸ್ಕೂಟರ್ ಚಾರ್ಜರಿಗೆ ರಜೆ. ಬೆಳಗಿನ ಸ್ನಾನಕ್ಕೆ 25 ಲೀಟರಿನ ಗೀಸರನ್ನು ನಾಲ್ಕೂವರೆಗೇ ಹಚ್ಚಿ. 25 ಡಿಗ್ರಿಯ ನೀರು 55ಕ್ಕೆ ಏರಲು 0.87 ಯೂನಿಟ್ ಬೇಕು, 2 ಕಿಲೋವಾಟಿನಲ್ಲಿ 26 ನಿಮಿಷ. ಎಲ್ಲರೂ ಏಳುವ ಹೊತ್ತಿಗೆ ನಿಮ್ಮದು ಮುಗಿದಿರುತ್ತದೆ. ಚಾವಣಿಯ ಮೇಲೆ ಸೋಲಾರ್ ಗೀಸರ್ ಇದ್ದವರು ಅದರ ಬ್ಯಾಕಪ್ ಕಾಯಿಲಿಗೂ ಇದೇ ನಿಯಮ ಹಾಕಿ. ಧಾರವಾಡದ ಜುಲೈ–ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಹಚ್ಚಿದ ಆ ಕಾಯಿಲನ್ನು ಅಕ್ಟೋಬರಿನವರೆಗೆ ಮರೆತ ಮನೆಗಳನ್ನು ಬಲ್ಲೆ.

ಹುಚ್ಚು ಇದ್ದವರಿಗೆ ಇನ್ನೊಂದು ಸೂಚನೆ ಇದೆ: ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಎಂಬ ಎಣಿಕೆ. ಬೇಡಿಕೆ ಪೂರೈಕೆಯನ್ನು ಮೀರಿದರೆ ಅದು ಇಳಿಯುತ್ತದೆ. ಹರ್ಟ್ಸ್ ತೋರಿಸುವ ಡಿನ್ ರೇಲ್ ಮೀಟರ್ ಬೋರ್ಡಿನಲ್ಲಿ ಕೂರಿಸಿದರೆ ಇಡೀ ದೇಶದ ನಾಡಿ ಕಾಣುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣವನ್ನು ಉಳಿದ ಗ್ರಿಡ್ಡಿಗೆ ಜೋಡಿಸಿದ ಮೇಲೆ ಹುಬ್ಬಳ್ಳಿಯ ಫ್ರೀಕ್ವೆನ್ಸಿಯೂ ಲುಧಿಯಾನದ್ದೂ ಒಂದೇ. ಅದು 49.90ರಿಂದ 50.05ರ ನಡುವೆ ಇರಬೇಕು. 49.90ಕ್ಕಿಂತ ಕೆಳಗೆ ಎರಡು ನಿಮಿಷ ನಿಂತರೆ ನಮ್ಮ ಮನೆಯ ಗೀಸರ್ ತಾನೇ ಆರುತ್ತದೆ. ನಮ್ಮ ಒಂದು ಗೀಸರಿನಿಂದ ಏನೂ ಆಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಚೆಂದ.

ಹಂತ 5: ಮತ್ತೆ ಹಚ್ಚುವುದು

ಎಡವುವುದು ಇಲ್ಲೇ. ಚಹಾ ತಂದಿಟ್ಟುಕೊಂಡು ನಿಧಾನ ಓದಿ.

ಕರೆಂಟ್ ಹೋಗಿ ಬಂದಾಗ ಪ್ಲಗ್ ಏನು ಮಾಡಬೇಕು ಎಂಬ ಆಯ್ಕೆ ಆ್ಯಪ್ಪಿನ ಸೆಟ್ಟಿಂಗ್ಸಿನ ಒಳಗೆಲ್ಲೋ ಅಡಗಿರುತ್ತದೆ. ‘ಪವರ್ ಆನ್ ಬಿಹೇವಿಯರ್’, ‘ರಿಲೇ ಸ್ಟೇಟಸ್’, ಹೀಗೆ ಕಂಪನಿಗೊಂದು ಹೆಸರು. ಆಯ್ಕೆ ಮೂರು: ಆನ್, ಆಫ್, ಹಿಂದೆ ಇದ್ದ ಹಾಗೆ. ಬಹಳ ಜನ ಮೂರನೆಯದು ಸರಿ ಎಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ನನ್ನ ಎಂಸಿಬಿ ಬಿದ್ದದ್ದು ಅದರಿಂದಲೇ. ಗೀಸರ್, ಮೋಟರ್, ಏಸಿ, ಚಾರ್ಜರ್ ಎಲ್ಲದಕ್ಕೂ ‘ಆಫ್’ ಇಡಿ. ಇದರಲ್ಲಿ ರಾಜಿ ಇಲ್ಲ.

ಆಫ್ ಇಟ್ಟರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ನಾಲ್ಕೂವರೆಗೆ ಕರೆಂಟ್ ಇರಲಿಲ್ಲ, ಐದಕ್ಕೆ ಬಂತು ಅನ್ನಿ. ಟೈಮರಿನ ಹೊತ್ತು ದಾಟಿತು, ಗೀಸರ್ ಹತ್ತಲೇ ಇಲ್ಲ, ಮನೆಮಂದಿಗೆಲ್ಲ ತಣ್ಣೀರು. ಅದಕ್ಕೆ ಒಂದೇ ಹೊತ್ತಿಗೆ ನಿಯಮ ಬರೆಯಬೇಡಿ. 4.30, 5.00, 5.30 ಮೂರೂ ಹೊತ್ತಿಗೆ ‘ಹಚ್ಚು’ ಎಂದು ಬರೆಯಿರಿ. ನೀರು ಆಗಲೇ ಕಾದಿದ್ದರೆ ಗೀಸರಿನ ಥರ್ಮೋಸ್ಟಾಟ್ ತಾನೇ ತಡೆಯುತ್ತದೆ. ಪ್ರತಿ ಹಚ್ಚುವಿಕೆಗೂ 40 ನಿಮಿಷಕ್ಕೆ ಆರುವ ಕೌಂಟ್‌ಡೌನ್ ಕಡ್ಡಾಯ.

ಅಗ್ಗದ ಪ್ಲಗ್ಗುಗಳಿಗೆ ಸ್ವಂತ ಗಡಿಯಾರವೂ ಇರುವುದಿಲ್ಲ. ಹೊತ್ತೆಷ್ಟು ಎಂದು ಇಂಟರ್ನೆಟ್ಟನ್ನೇ ಕೇಳುತ್ತವೆ. ಕರೆಂಟ್ ಬಂದ ಮೇಲೆ ರೌಟರ್ ಏಳಲು ಎರಡು ಮೂರು ನಿಮಿಷ ಬೇಕು, ಅಲ್ಲಿಯವರೆಗೆ ಪ್ಲಗ್ಗಿಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ. ರೌಟರನ್ನು ಇನ್ವರ್ಟರಿಗೆ ಹಾಕಿ. ಇನ್ವರ್ಟರ್ ಇಲ್ಲದಿದ್ದರೆ ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಕೊಳ್ಳಿ.

ಸರದಿ ಹೀಗಿರಲಿ. ಕರೆಂಟ್ ಬಂದ ಕೂಡಲೇ ಫ್ರಿಜ್ಜು ಮತ್ತು ಲೈಟು. ಐದು ನಿಮಿಷ ಬಿಟ್ಟು ಏಸಿ. ಹತ್ತು ನಿಮಿಷಕ್ಕೆ ಒಂದು ಗೀಸರ್, ಅದು ಆರಿದ ಮೇಲೆಯೇ ಇನ್ನೊಂದು. ಕೊನೆಗೆ ಮೋಟರ್, ಅದೂ ಸಂಪಿನಲ್ಲಿ ನೀರು ಇದೆ ಎಂದು ಸೆನ್ಸರ್ ಹೇಳಿದರೆ ಮಾತ್ರ. ಹುಬ್ಬಳ್ಳಿ–ಧಾರವಾಡದ ಬಹಳ ಓಣಿಗಳಲ್ಲಿ ನಲ್ಲಿ ನೀರು ಐದಾರು ದಿನಕ್ಕೊಮ್ಮೆ ಬರುತ್ತದೆ, ಅದೂ ಯಾವ ಹೊತ್ತಿಗೆ ಎಂದು ಹೇಳಲು ಬಾರದು. ಬರೀ ಗಡಿಯಾರ ನೋಡಿ ಮೋಟರ್ ಓಡಿಸುವ ಮನೆಗೆ ಖಾಲಿ ಸಂಪು ಕಾದೇ ಇರುತ್ತದೆ.

ಇನ್ನೊಂದು ಸೂಕ್ಷ್ಮ. ಎಲ್ಲರೂ ರಾತ್ರಿ ಸರಿಯಾಗಿ 10.00ಕ್ಕೆ ಟೈಮರ್ ಬಿಡುಗಡೆ ಮಾಡಿದರೆ ಸಂಜೆ ತಪ್ಪಿಸಿದ ಹೊರೆಯೆಲ್ಲ ಒಂದೇ ಏಟಿಗೆ ಓಣಿಯ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಬೀಳುತ್ತದೆ. ಹಳ್ಳಿಯಲ್ಲಿ ಇದನ್ನು ನೋಡಿದ್ದೇವೆ. ತ್ರೀ ಫೇಸ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಟಿಸಿ ಸುಡುತ್ತದೆ. ಆಮೇಲೆ ಬೇರೆ ಟಿಸಿ ಬರುವವರೆಗೆ ಬೆಳೆ ಒಣಗುತ್ತದೆ. ಓಪನ್‌ಎಡಿಆರ್‌ನಲ್ಲಿ ಇದಕ್ಕೆಂದೇ ಸಾಮಾನುಗಳು ಬೇರೆ ಬೇರೆ ಹೊತ್ತಿಗೆ ಚದುರುವ ಸೌಲಭ್ಯ ಇಟ್ಟಿದ್ದಾರೆ. ನಮ್ಮ ಉಪಾಯ ಸರಳ: ಮನೆ ನಂಬರಿನ ಕೊನೆಯ ಎರಡು ಅಂಕೆಯನ್ನೇ ನಿಮಿಷ ಮಾಡಿಕೊಳ್ಳಿ. ನಂಬರ್ 123 ಇದ್ದರೆ 10.23ಕ್ಕೆ. ಕೊನೆಗೆ 78 ಬಂದರೆ 60 ಕಳೆದು 18.

ಕೊನೆಗೆ ಕೈ ಸ್ವಿಚ್. ನೀರು ಬಂದ ದಿನ, ನೆಂಟರು ಬಂದ ದಿನ ನಿಯಮ ಮುರಿಯಲೇಬೇಕು, ಮತ್ತು ಅದಕ್ಕೆ ನಿಮ್ಮ ಮೊಬೈಲ್ ಹುಡುಕುವಂತೆ ಇರಬಾರದು. ಗೋಡೆಯ ಮೇಲೆ ಒತ್ತಿದರೆ ಆ ಒಂದು ಸಲಕ್ಕೆ ಹತ್ತುವ ಬಟನ್ ಇರಲಿ. ನಮ್ಮ ಅವ್ವ ಅದರ ಮೇಲೆ ಅಂಟಿನ ಪಟ್ಟಿ ಹಚ್ಚಿ ‘ಬಿಸಿನೀರು’ ಎಂದು ಬರೆದಿದ್ದಾಳೆ. ಆಮೇಲೆ ಯಾರೂ ಜಗಳ ಆಡಿಲ್ಲ.

ಅಂಗಡಿ, ಗಿರಣಿ, ಕೋಲ್ಡ್ ಸ್ಟೋರೇಜ್

ನಿಜವಾದ ದುಡ್ಡು ಇರುವುದು ಇಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳನ್ನು ನೋಡಿ. ದಪ್ಪ ಇನ್ಸುಲೇಷನ್ ಗೋಡೆ, ಒಳಗೆ ಸಾವಿರಾರು ತಣ್ಣನೆಯ ಚೀಲ. ಮಧ್ಯಾಹ್ನವೇ ಒಂದೆರಡು ಡಿಗ್ರಿ ಹೆಚ್ಚು ತಂಪು ಮಾಡಿ ಇಟ್ಟುಕೊಂಡರೆ ಸಂಜೆ ಕಂಪ್ರೆಸರುಗಳನ್ನು ಸರದಿಯ ಮೇಲೆ ಅರ್ಧರ್ಧ ತಾಸು ನಿಲ್ಲಿಸಬಹುದು, ಕಾಯಿಗೆ ಏನೂ ಆಗದು. ಮತ್ತೆ ಶುರು ಮಾಡುವಾಗ ಒಂದೊಂದೇ, ನಡುವೆ ಕಾಲು ತಾಸು. ಎಲ್ಲ ಒಟ್ಟಿಗೆ ಎದ್ದರೆ ಆ ಹದಿನೈದಿಪ್ಪತ್ತು ನಿಮಿಷದ ಡಿಮಾಂಡನ್ನೇ (ಎಳೆದ ಹೊರೆಯನ್ನೇ) ಮೀಟರ್ ಹಿಡಿದುಕೊಂಡು ತಿಂಗಳ ಬಿಲ್ಲಿಗೆ ಹಾಕುತ್ತದೆ, ಮಂಜೂರಾದ ಲೋಡ್ ಮೀರಿದ್ದರೆ ದಂಡವೂ ಸೇರುತ್ತದೆ. ಖಾರ ಕುಟ್ಟುವ ಮಷಿನ್, ಹಿಟ್ಟಿನ ಗಿರಣಿ ಎರಡೂ ಇಟ್ಟವರು ಎರಡು ಕಾಂಟ್ಯಾಕ್ಟರಿಗೆ ಇಂಟರ್‌ಲಾಕ್ (ಒಂದು ಓಡುವಾಗ ಇನ್ನೊಂದು ಏಳದಂತೆ ತಡೆ) ಹಾಕಿಸಿದರೆ ಸಾಕು, ಇಂಟರ್ನೆಟ್ಟೂ ಬೇಡ.

ಹಂತ 6: ಪರೀಕ್ಷೆ

ಎಲ್ಲ ಮುಗಿಯಿತು ಎನಿಸಿದಾಗ ಮನೆಯವರಿಗೆ ಹೇಳಿ ಮೇನ್ ಎಂಸಿಬಿ ಇಳಿಸಿ, ಹತ್ತು ನಿಮಿಷ ಬಿಟ್ಟು ಎತ್ತಿ. ಗಡಿಯಾರ ಹಿಡಿದು ಯಾವುದು ಯಾವಾಗ ಹತ್ತಿತು ಎಂದು ಬರೆದುಕೊಳ್ಳಿ. ಇದನ್ನೇ ರೌಟರಿನ ವೈರ್ ಕಿತ್ತು ಇನ್ನೊಮ್ಮೆ ಮಾಡಿ. ಆಮೇಲೆ ಒಂದು ವಾರ ಸಂಜೆ 6ಕ್ಕೆ, ರಾತ್ರಿ 10ಕ್ಕೆ ಮೀಟರಿನ ಅಂಕಿ ಓದಿ. ನಮ್ಮ ಮನೆಯಲ್ಲಿ ಆ ನಾಲ್ಕು ತಾಸಿನ ಬಳಕೆ ಐದು ಯೂನಿಟ್ಟಿನಿಂದ ಎರಡಕ್ಕೆ ಇಳಿಯಿತು. ಕಾಕಾ ಈಗ ತಮ್ಮ ಮನೆಗೂ ಹಾಕಿಸಿದ್ದಾರೆ. ಅವರದು 10.41, ನಮ್ಮದು 10.40.