ಸುಣ್ಣವನ್ನೂ ಕಲ್ಲುಪುಡಿಯನ್ನೂ ಒಟ್ಟಿಗೆ ಹಾಕಿದ ವರ್ಷ

ನಮ್ಮದು ಸಕಲೇಶಪುರದಿಂದ ಒಳಗೆ, ಹೆತ್ತೂರು ಕಡೆ ಆರು ಎಕರೆ ತೋಟ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ಮರಗಳಿಗೆ ಮೆಣಸು. ಒಂದು ವರ್ಷ ಮುಂಗಾರಿಗೆ ಮುಂಚೆ ಡಿಎಪಿ, ಅಂದರೆ ಗಿಡಕ್ಕೆ ರಂಜಕ (ಫಾಸ್ಫರಸ್) ಕೊಡುವ ಗೊಬ್ಬರ, ಸಿಗಲೇ ಇಲ್ಲ. ಮೂರು ಅಂಗಡಿ ಸುತ್ತಿದೆ. ಕೊನೆಯವರು 'ಇದು ಒಯ್ಯಿರಿ, ಇದರಲ್ಲೂ ರಂಜಕ ಇದೆ' ಅಂತ ಹತ್ತು ಚೀಲ ಗಾಡಿಗೆ ಹಾಕಿಸಿದರು. ರಾಕ್ ಫಾಸ್ಫೇಟ್, ಅಂದರೆ ರಂಜಕ ಇರುವ ಗಣಿಕಲ್ಲಿನ ಪುಡಿ. ಚೀಲದ ಮೇಲೆ ಉದಯಪುರ ಅಂತ ಬರೆದಿತ್ತು. ಬಿಚ್ಚಿ ನೋಡಿದರೆ ಬೂದು ಪುಡಿ. 'ಸಿಮೆಂಟ್ ತಂದ್ರಾ?' ಅಂದರು ಮೇಸ್ತ್ರಿ.

ಅದೇ ವರ್ಷ ಮಣ್ಣು ಪರೀಕ್ಷೆ ಮಾಡಿಸಿದ್ದೆ. ಪಿಎಚ್ 5.1, ಅಂದರೆ ಒಳ್ಳೇ ಹುಳಿ ಮಣ್ಣು. ಸುಣ್ಣ ಹಾಕಿ ಅಂದಿದ್ದರು. ಆಳು ಸಿಕ್ಕಿದಾಗ ಎಲ್ಲಾ ಕೆಲಸ ಮುಗಿಸೋಣ ಅಂತ ಒಂದೇ ವಾರದಲ್ಲಿ ಸುಣ್ಣವನ್ನೂ ಈ ಪುಡಿಯನ್ನೂ ಎರಚಿಸಿಬಿಟ್ಟೆ. ಎರಡು ವರ್ಷ ಕಾದೆ. ಗಿಡದಲ್ಲಿ ಏನೂ ಬದಲಾಗಲಿಲ್ಲ. ಹಳೇ ಎಲೆಗಳು ಮೊದಲಿನ ಹಾಗೇ ಹಳದಿ ತಿರುಗಿ ಉದುರುತ್ತಿದ್ದವು. ಅಂಗಡಿಯವರು ಬೂದಿ ಮಾರಿದರು ಅಂತ ಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಇನ್ನೊಂದು ಸಲ ಪರೀಕ್ಷೆಗೆ ಮಣ್ಣು ಕೊಡೋಕೆ ಹೋದಾಗ ಅಲ್ಲಿದ್ದವರು ಒಂದೇ ಪ್ರಶ್ನೆ ಕೇಳಿದರು: 'ಸುಣ್ಣ ಯಾವಾಗ ಹಾಕಿದ್ರಿ?'

ತಪ್ಪು ಎಲ್ಲಿ ಅಂತ ಗೊತ್ತಾಗಬೇಕಾದರೆ ಡಿಎಪಿ ಹೇಗೆ ಆಗುತ್ತೆ ಅಂತ ತಿಳಿಯಬೇಕು. ಡಿಎಪಿಯ ರಂಜಕವೂ ಇದೇ ಕಲ್ಲಿನಿಂದಲೇ ಬರುವುದು. ಕಲ್ಲಿನಲ್ಲಿ ರಂಜಕವನ್ನು ಕ್ಯಾಲ್ಸಿಯಂ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಈ ಖನಿಜಕ್ಕೆ ಅಪಟೈಟ್ ಅಂತ ಹೆಸರು. ನಮ್ಮ ಹಲ್ಲು, ಮೂಳೆ ಕೂಡ ಹೆಚ್ಚುಕಮ್ಮಿ ಇದರ ಜಾತಿಯೇ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಅದಕ್ಕೆ ಗಣಿಯ ಕಲ್ಲನ್ನು ಪುಡಿ ಮಾಡುತ್ತಾರೆ. ನೀರಿನಲ್ಲಿ ನೊರೆ ಎಬ್ಬಿಸಿ ಬೇಡದ ಕಲ್ಲು, ಮರಳನ್ನು ಬೇರೆ ಮಾಡುತ್ತಾರೆ. ಆಮೇಲೆ ಗಂಧಕಾಮ್ಲ ಸುರಿಯುತ್ತಾರೆ. ಆಮ್ಲ ಕ್ಯಾಲ್ಸಿಯಮ್ಮನ್ನು ಕಿತ್ತುಕೊಂಡು ಜಿಪ್ಸಂ ಆಗುತ್ತದೆ, ಫಾಸ್ಫಾರಿಕ್ ಆಮ್ಲ ಉಳಿಯುತ್ತದೆ. ಅದಕ್ಕೆ ಅಮೋನಿಯಾ ಸೇರಿಸಿದರೆ ಡಿಎಪಿ. ಆಮ್ಲ ಹಾಕಿ ಸೂಪರ್ ಫಾಸ್ಫೇಟ್ ಅನ್ನುವ ಇನ್ನೊಂದು ರಂಜಕದ ಗೊಬ್ಬರ ಮಾಡುವುದಕ್ಕೆ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು.

ಅಂದರೆ ಕಲ್ಲಿನಿಂದ ರಂಜಕ ಬಿಡಿಸಲು ಬೇಕಾದ್ದು ಹುಳಿ. ಕಾರ್ಖಾನೆ ಗಂಧಕಾಮ್ಲದಲ್ಲಿ ಬೇಗ ಮುಗಿಸುವ ಕೆಲಸವನ್ನು ನಮ್ಮ ಮಲೆನಾಡಿನ ಹುಳಿ ಮಣ್ಣು ವರ್ಷಗಟ್ಟಲೆ ನಿಧಾನವಾಗಿ, ಬಿಟ್ಟಿಯಾಗಿ ಮಾಡುತ್ತದೆ. ನಾನು ಅದೇ ವಾರ ಸುಣ್ಣ ಎರಚಿ ಆ ಹುಳಿಯನ್ನೇ ಕೊಂದಿದ್ದೆ. ಮೇಲಾಗಿ ಸುಣ್ಣ ಅಂದರೆ ಕ್ಯಾಲ್ಸಿಯಂ. ಮಣ್ಣಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಆದಷ್ಟೂ ಕಲ್ಲು ತನ್ನದನ್ನು ಬಿಡುವುದು ಕಮ್ಮಿ. ಎರಡು ಕಡೆಯಿಂದಲೂ ಕೆಟ್ಟೆ. ಅಂಗಡಿಯವರ ಹತ್ತಿರ ಹೋಗಿ ತಪ್ಪಾಯ್ತು ಅಂದೆ, ಅವರು ನಕ್ಕು ಕಾಫಿ ತರಿಸಿದರು.

ಹಾಗಂತ ಹುಳಿ ಮಣ್ಣು ಪೂರ್ತಿ ಒಳ್ಳೇದಲ್ಲ. ಬಿಡಿಸಿಕೊಂಡ ರಂಜಕವನ್ನು ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ತಬ್ಬಿಕೊಂಡುಬಿಡುತ್ತವೆ. ಡಿಎಪಿಗೂ ಇದೇ ಗತಿ. ಯೂರಿಯಾ ಮಳೆಗೆ ತೊಳೆದು ಹೋದರೆ, ರಂಜಕ ಬಿದ್ದಲ್ಲೇ ಬಿದ್ದಿರುತ್ತದೆ. ಎರಚಿದರೆ ಮೇಲೇ ಉಳಿಯುತ್ತದೆ, ಬೇರಿನ ಬಾಯಿಗೆ ಹೋಗುವುದಿಲ್ಲ.

ಈ ನಡುವೆ ಒಂದು ತಮಾಷೆ. ಪುಡಿ ಅಸಲಿಯೋ ಅಂತ ನೋಡೋಕೆ ಒಂದು ಚಮಚಕ್ಕೆ ವಿನಿಗರ್ ಹಾಕಿದೆ. ಗುಳ್ಳೆ ಬಂತು, ಖುಷಿಯಾಯ್ತು. ಆಮೇಲೆ ಗೊತ್ತಾಯ್ತು, ಗುಳ್ಳೆ ಬರುವುದು ಕಲ್ಲಿನಲ್ಲಿ ಬೆರೆತ ಸುಣ್ಣದಿಂದ. ರಂಜಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಚೀಲದ ಮೇಲಿನ ಅಂಕಿಯೂ ಹಾಗೇ ಮೋಸ ಹೋಗಿಸುತ್ತದೆ. ಶೇ 18 ಅಂತ ಬರೆದದ್ದು ರಂಜಕದ ಆಕ್ಸೈಡಿನ, ಅಂದರೆ ಆಮ್ಲಜನಕವೂ ಸೇರಿದ ತೂಕದ ಲೆಕ್ಕ. 50 ಕಿಲೋ ಚೀಲದಲ್ಲಿ ನಿಜವಾದ ರಂಜಕ 4 ಕಿಲೋ ಹತ್ತಿರ, ಅಷ್ಟೇ.

ಉದಯಪುರದ ಹತ್ತಿರ ಝಾಮರ್‌ಕೋಟ್ರಾ ಅಂತ ದೊಡ್ಡ ಗಣಿ ಇದೆ. ಅಲ್ಲಿನ ಕಲ್ಲು ಪುರಾತನ ಸಮುದ್ರದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು. ಕೊಯ್ದ ಎಲೆಕೋಸಿನ ಹಾಗೆ ಗೆರೆಗಳಿವೆ, ಫೋಟೋ ನೋಡಿದ್ದೇನೆ. ಅಷ್ಟು ಹಳೇ ಕಲ್ಲಾದ್ದರಿಂದ ಟ್ಯುನೀಷಿಯಾದ ಗಾಫ್ಸಾ ಕಲ್ಲಿನಷ್ಟು ಬೇಗ ಕರಗುವುದಿಲ್ಲ. ನಮ್ಮ ದೇಶಕ್ಕೆ ಬೇಕಾದ ರಂಜಕದಲ್ಲಿ ಬಹುಪಾಲು ಹೊರಗಿನಿಂದಲೇ ಬರಬೇಕು, ಕಲ್ಲಾಗಿಯೋ, ಆಮ್ಲವಾಗಿಯೋ, ಡಿಎಪಿಯಾಗಿಯೋ. ಪ್ರಪಂಚದಲ್ಲಿ ಈ ಕಲ್ಲಿನ ನಿಕ್ಷೇಪದ ಸುಮಾರು ಶೇ 70 ಮೊರಾಕೊ ಕಡೆ ಇದೆ. ಯೂರಿಯಾದ ಸಾರಜನಕವನ್ನಾದರೂ ಗಾಳಿಯಿಂದ ಹಿಡಿಯಬಹುದು. ರಂಜಕಕ್ಕೆ ಆ ದಾರಿ ಇಲ್ಲ, ಬೇರೆ ಯಾವುದೂ ಅದರ ಜಾಗಕ್ಕೆ ಬರುವುದೂ ಇಲ್ಲ. ಅಲ್ಲೆಲ್ಲೋ ಹಡಗು ತಡವಾದರೆ ಇಲ್ಲಿ ನಾನು ಮೂರು ಅಂಗಡಿ ಸುತ್ತಬೇಕು.

ಈಗ ನನ್ನ ಕ್ರಮ ಬೇರೆ. ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವುದು, ಮುಗಿದ ಮೇಲೆ ಕಾಫಿ ಸಿಪ್ಪೆ, ಸಗಣಿ, ಮಧ್ಯೆ ಮಧ್ಯೆ ರಾಕ್ ಫಾಸ್ಫೇಟ್, ಹೀಗೆ ಪದರ ಕಟ್ಟಿ ರಾಶಿ ಹಾಕುತ್ತೇನೆ. ಕೊಳೆಯುವಾಗ ಹುಟ್ಟುವ ಹುಳಿ ಕಲ್ಲನ್ನು ಸ್ವಲ್ಪ ಸಡಿಲ ಮಾಡುತ್ತದೆ. ನಾಲ್ಕು ತಿಂಗಳಾದ ಮೇಲೆ ಗಿಡದ ಸುತ್ತ, ತುದಿಬೇರು ಇರುವ ಕಡೆ ಮಣ್ಣು ಕೆದಕಿ ಹಾಕಿ ದರಗು (ಒಣಗಿದ ಎಲೆ) ಮುಚ್ಚಿಸುತ್ತೇನೆ. ಹೊಸ ಗಿಡ ನೆಡುವಾಗ ಗುಂಡಿಗೇ ಒಂದು ಬೊಗಸೆ. ಪುಡಿ ಎತ್ತುವವರು ಮೂಗಿಗೆ ಬಟ್ಟೆ ಕಟ್ಟಲೇಬೇಕು, ಧೂಳು ವಿಪರೀತ. ಸುಣ್ಣ ಬಿಟ್ಟಿಲ್ಲ. ಆದರೆ ಪುಡಿ ಹಾಕಿ ಒಂದು ಮಳೆಗಾಲ ಪೂರ್ತಿ ಕಳೆದ ಮೇಲೇ ಸುಣ್ಣ. ಇಳಿಜಾರಿನ ಪಟ್ಟೆಗೆ ಅಡ್ಡ ತೊಟ್ಟಿಲುಗುಂಡಿ, ಅಂದರೆ ನೀರು, ಮಣ್ಣು ತಡೆಯುವ ಉದ್ದ ಗುಂಡಿ, ತೆಗೆಸಿದ್ದೇನೆ. ರಂಜಕ ಮಣ್ಣಿಗೆ ಅಂಟಿರುವುದರಿಂದ ಮಣ್ಣು ಕೊಚ್ಚಿ ಹೋದರೆ ಅದೂ ಹಳ್ಳ ಸೇರುತ್ತದೆ.

ಮೂರನೇ ವರ್ಷಕ್ಕೆ ಎಲೆ ಉದುರುವುದು ಕಮ್ಮಿಯಾಯ್ತು. ಪುಡಿಯಿಂದಲೋ ಸಗಣಿಯಿಂದಲೋ ಬೇರೆ ಮಾಡಿ ಹೇಳಲಾರೆ. ಅದಕ್ಕೇ ಈ ಸಲ ನಾಲ್ಕು ಸಾಲಿಗೆ ಪುಡಿ ಇಲ್ಲದ ಗೊಬ್ಬರ ಹಾಕಿಸಿ ಮರಕ್ಕೆ ಕೆಂಪು ಬಣ್ಣ ಬಳಿಸಿದ್ದೇನೆ. ಮೇಸ್ತ್ರಿ ಆ ಸಾಲಿಗೆ 'ಸಿಮೆಂಟಿಲ್ಲದ್ದು' ಅಂತ ಹೆಸರಿಟ್ಟಿದ್ದಾರೆ.