ವೇರಿಯೋ ಪ್ಲಸ್ ತೋರಿಸ್ತಿದೆ, ಆದ್ರೆ ಏರ್ತಿರೋದು ಯಾರು?

ಗ್ಲೈಡರ್ (ಎಂಜಿನ್ ಇಲ್ಲದೆ ಹಾರುವ ವಿಮಾನ) ಸೆಕೆಂಡಿಗೆ ಎಷ್ಟು ಮೀಟರ್ ಏರುತ್ತಿದೆ, ಇಳಿಯುತ್ತಿದೆ ಅಂತ ತೋರಿಸುವ ವೇರಿಯೋಮೀಟರ್‌ನ ಮುಳ್ಳು +1 ಮೇಲೆ ನಿಂತಿದೆ, ಎತ್ತರ ತೋರಿಸುವ ಆಲ್ಟಿಮೀಟರ್ ಮಾತ್ರ ಇಳಿಯುತ್ತಲೇ ಇದೆ. ಉಪಕರಣ ಕೆಟ್ಟಿಲ್ಲ. ಅದು ಯಾವ ಮೋಡ್‌ನಲ್ಲಿದೆ ಅಂತ ಮೊದಲು ನೋಡಿ.

ಮೊದಲು ಕಲಿಯಬೇಕಾದದ್ದು ಟೋಟಲ್ ಎನರ್ಜಿ, ಅಂದರೆ ಟಿಇ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಹೋಗುತ್ತಾ ಸ್ಟಿಕ್ ಎಳೆದು 90ಕ್ಕೆ ಇಳಿಸಿದರೆ ಗ್ಲೈಡರ್ ಹತ್ತಿರ ಹತ್ತಿರ 55 ಮೀಟರ್ ಮೇಲೇರುತ್ತದೆ. ಆ ಎತ್ತರ ಗಾಳಿ ಕೊಟ್ಟದ್ದಲ್ಲ, ನಿಮ್ಮ ವೇಗವನ್ನೇ ಖರ್ಚು ಮಾಡಿ ಪಡೆದದ್ದು. ಸಾದಾ ವೇರಿಯೋಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದನ್ನೂ ಲಿಫ್ಟ್, ಅಂದರೆ ಗಾಳಿ ಮೇಲೆತ್ತುತ್ತಿದೆ ಅಂತಲೇ ತೋರಿಸಿಬಿಡುತ್ತದೆ. ಇದಕ್ಕೇ 'ಸ್ಟಿಕ್ ಥರ್ಮಲ್' ಅನ್ನುವುದು. ಬಾಲದ ಫಿನ್‌ನಿಂದ ಮುಂದಕ್ಕೆ ಚಾಚಿಕೊಂಡಿರುವ ಸಣ್ಣ ಕೊಳವೆ ಇರುತ್ತದಲ್ವಾ, ಅದೇ ಟಿಇ ಪ್ರೋಬ್, ಈ ಸುಳ್ಳು ಲಿಫ್ಟನ್ನು ಕಳೆಯುವುದು ಅದರ ಕೆಲಸ. ಹಾರುವ ಮುಂಚೆ ಅದು ಸರಿಯಾಗಿ ಕೂತಿದೆಯಾ, ಒಳಗೆ ನೀರು ಸೇರಿದೆಯಾ ಅಂತ ಕೈಯಿಟ್ಟು ನೋಡಿ. ಥರ್ಮಲ್‌ನಲ್ಲಿ, ಅಂದರೆ ಮೇಲೇರುವ ಬಿಸಿ ಗಾಳಿಯಲ್ಲಿ, ಹದ್ದಿನ ಹಾಗೆ ಸುತ್ತು ಹಾಕುವಾಗ ನಿಮಗೆ ಬೇಕಾದದ್ದು ಈ ಮೋಡ್.

ನೆಟ್ಟೋ ಬೇರೆ. ಅದು ಗ್ಲೈಡರ್ ತಾನಾಗಿ ಇಳಿಯುವುದನ್ನು ಲೆಕ್ಕದಿಂದ ತೆಗೆದು, ಸುತ್ತಲಿನ ಗಾಳಿ ಏನು ಮಾಡುತ್ತಿದೆ ಅಂತ ಮಾತ್ರ ಹೇಳುತ್ತದೆ. 150ರಲ್ಲಿ ನಿಮ್ಮ ಗ್ಲೈಡರ್ ಸೆಕೆಂಡಿಗೆ 2 ಮೀಟರ್ ಇಳಿಯುತ್ತದೆ ಅಂದುಕೊಳ್ಳಿ. ಗಾಳಿ 1 ಮೀಟರ್ ಏರುತ್ತಿದ್ದರೆ ಟಿಇ -1 ತೋರಿಸುತ್ತದೆ, ನೆಟ್ಟೋ +1. ಎರಡೂ ನಿಜ. ಆದರೆ ಆ +1 ನೋಡಿ ಸುತ್ತಲು ಶುರು ಮಾಡಿದರೆ, ಸುತ್ತುವಾಗಲೂ ಗ್ಲೈಡರ್ ಸುಮಾರು 0.8 ಇಳಿಯುವುದರಿಂದ ಕೈಗೆ ಬರುವುದು ಬರೀ 0.2. ಸುಮ್ನೆ ಸಮಯ ಹಾಳು. ಈ ಕಳೆಯುವ ಲೆಕ್ಕವನ್ನೂ ತಾನೇ ಮಾಡಿ, 'ಇಲ್ಲಿ ನಿಧಾನಿಸಿ ಸುತ್ತಿದರೆ ಇಷ್ಟು ಸಿಗುತ್ತದೆ' ಅಂತ ತೋರಿಸುವ ಮೋಡ್ ಇದೆ, ಅದೇ ರಿಲೇಟಿವ್ ನೆಟ್ಟೋ. ನೇರವಾಗಿ ಹಾರುವಾಗ ನನಗೆ ಅದೇ ಜಾಸ್ತಿ ಇಷ್ಟ.

ಆವರೇಜರ್ ತೋರಿಸುವುದು ಕಳೆದ 20 ಅಥವಾ 30 ಸೆಕೆಂಡಿನ ಏರಿಳಿತದ ಸರಾಸರಿ. ಥರ್ಮಲ್ ಬಿಡಬೇಕಾ ಬೇಡವಾ ಅನ್ನುವ ತೀರ್ಮಾನ ಇದರ ಮೇಲೆ ಮಾಡಿ, ಕುಣಿಯುವ ಮುಳ್ಳಿನ ಮೇಲಲ್ಲ. ಆದರೆ ಥರ್ಮಲ್‌ಗೆ ಆಗಷ್ಟೇ ಸೇರಿದ್ದರೆ ಅದರಲ್ಲಿ ಹಿಂದಿನ ಸಿಂಕ್ (ಇಳಿತ) ಇನ್ನೂ ಸೇರಿರುತ್ತದೆ, ಒಂದು ಸುತ್ತು ಮುಗಿಯಲಿ.

ಇನ್ನು ಸ್ಪೀಡ್-ಟು-ಫ್ಲೈ. 1956ರ ಗ್ಲೈಡಿಂಗ್ ವಿಶ್ವ ಚಾಂಪಿಯನ್ ಪಾಲ್ ಮೆಕ್‌ಕ್ರೆಡಿ ಹೆಸರಿನ ಸೆಟ್ಟಿಂಗ್ (ಮುಂದಿನ ಥರ್ಮಲ್‌ನಲ್ಲಿ ಎಷ್ಟು ಏರಿಕೆ ಸಿಗಬಹುದು ಅಂತ ನೀವು ಕೊಡುವ ಅಂದಾಜು) ಆಧರಿಸಿ ಇದು ವೇಗ ಹೆಚ್ಚಿಸಿ, ಕಡಿಮೆ ಮಾಡಿ ಅಂತ ಹೇಳುತ್ತದೆ. ಇಲ್ಲಿ ಕೇಳುವ ಸದ್ದು ಲಿಫ್ಟಿನ ಸದ್ದಲ್ಲ, ವೇಗದ ಸೂಚನೆ. ಎಷ್ಟೋ ಉಪಕರಣಗಳು ಸುತ್ತಲು ಶುರು ಮಾಡಿದ ಮೇಲೆ ತಾವಾಗಿ ಮೋಡ್ ಬದಲಿಸುತ್ತವೆ, ಅದೂ ಸ್ವಲ್ಪ ತಡವಾಗಿ, ಹಾಗಾಗಿ ಆ ಗಳಿಗೆಯಲ್ಲಿ ಕಿವಿಯನ್ನು ಪೂರ್ತಿ ನಂಬಬೇಡಿ.

ನೆಟ್ಟೋ ಸರಿಯಿದೆಯಾ ಅಂತ ನೋಡಲು ಸಂಜೆ ಥರ್ಮಲ್ ಎಲ್ಲಾ ಅಡಗಿದ ಮೇಲೆ ಹಾರಿ. 90ರಲ್ಲಿ ಸ್ವಲ್ಪ ಹೊತ್ತು, 130ರಲ್ಲಿ ಸ್ವಲ್ಪ ಹೊತ್ತು ನೇರವಾಗಿ ಹೋಗಿ. ಎರಡೂ ಸಲ ಮುಳ್ಳು ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. 130ರಲ್ಲಿ ಮಾತ್ರ ಕೆಳಗೆ ಜಾರಿದರೆ, ಉಪಕರಣಕ್ಕೆ ಕೊಟ್ಟಿರುವ ಪೋಲಾರ್ (ಯಾವ ವೇಗದಲ್ಲಿ ಗ್ಲೈಡರ್ ಎಷ್ಟು ಇಳಿಯುತ್ತದೆ ಅನ್ನುವ ಲೆಕ್ಕ) ನಿಮ್ಮ ಗ್ಲೈಡರಿನದೇನಾ ಅಂತ ಪರೀಕ್ಷಿಸಿ.