ಬಿ.ಎಸ್ಸಿ ನರ್ಸಿಂಗ್: ಕಟ್ಟಡ ಬಿಡಿ, ವಾರ್ಡ್ ನೋಡಿ ಸೇರಿ

ಪಿಯುಸಿ ರಿಸಲ್ಟ್ ಬಂತು ಅಂದರೆ ನೆಂಟರು, ಅಕ್ಕಪಕ್ಕದವರು ಎಲ್ಲರದ್ದೂ ನನಗೆ ಒಂದೇ ಪ್ರಶ್ನೆ: "ಸಿಸ್ಟರ್, ಮಗಳನ್ನು ನರ್ಸಿಂಗಿಗೆ ಸೇರಿಸಬೇಕು, ಯಾವ ಕಾಲೇಜು ಒಳ್ಳೆಯದು?" ನಾನು ಜಿಲ್ಲಾಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್. ಬೇರೆ ಬೇರೆ ಕಾಲೇಜಿನ ಮಕ್ಕಳು ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯಲು, ನಮ್ಮಲ್ಲಿಗೇ ಬರುತ್ತಾರೆ. ಒಬ್ಬಳು ರೋಗಿಯ ಅಂಗಿಯ ತೋಳು ಮೇಲೇರಿಸಿ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಬಿಪಿ ಪಟ್ಟಿ ಸುತ್ತಿ, ಮೊದಲು ನಾಡಿ ಹಿಡಿದು ಆಮೇಲೆ ಸ್ಟೆತ್ ಇಡುತ್ತಾಳೆ. ಇನ್ನೊಬ್ಬಳು ಸ್ವೆಟರ್ ಮೇಲೇ ಪಟ್ಟಿ ಸುತ್ತಿ, ಏನೂ ಕೇಳಿಸದಿದ್ದರೂ 120/80 ಅಂತ ಬರೆದು ಮುಂದಿನ ಬೆಡ್ಡಿಗೆ ಹೋಗುತ್ತಾಳೆ. ಇಬ್ಬರೂ ಮೂರನೇ ಸೆಮಿಸ್ಟರ್. ತಪ್ಪು ಆ ಹುಡುಗಿಯದಲ್ಲ, ಪಕ್ಕದಲ್ಲಿ ನಿಂತು ಕಲಿಸುವವರು ಇರಲಿಲ್ಲ ಅಷ್ಟೇ.

ಮೊದಲು ಅರ್ಹತೆ ನೋಡಿಕೊಳ್ಳಿ. ಪಿಯುಸಿ ಸೈನ್ಸ್ ಆಗಿರಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಶೇ 45 ಬೇಕು, ಎಸ್‌ಸಿ, ಎಸ್‌ಟಿಯವರಿಗೆ ಶೇ 40. ಇಂಗ್ಲಿಷ್ ಪಾಸಾಗಿರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗಂಡುಹುಡುಗರೂ ಧಾರಾಳವಾಗಿ ಸೇರಬಹುದು, ಇದನ್ನು ಇವತ್ತಿಗೂ ಕೇಳುವವರಿದ್ದಾರೆ. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ದಾರಿ ಇದೆ: ಮೂರು ವರ್ಷದ ಡಿಪ್ಲೊಮಾ, ರಿಜಿಸ್ಟ್ರೇಷನ್, ಆಮೇಲೆ ಬೇಕಿದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.

ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸಿಗುತ್ತವೆ. ಅದಕ್ಕೆ ಸಿಇಟಿ ಬರೆಯಬೇಕು, ಬಯಾಲಜಿ ಪತ್ರಿಕೆ ತಪ್ಪಿಸಬೇಡಿ. ನಿಮ್ಹಾನ್ಸ್, ಏಮ್ಸ್‌ಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ಇಷ್ಟರ ನಡುವೆ ಏಜೆಂಟರ ಫೋನ್ ಶುರುವಾಗುತ್ತದೆ. "ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಅಂದರೆ ಅಲ್ಲಿಗೇ ಫೋನ್ ಇಡಿ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ ಅಂತ ಅದರ ಪಟ್ಟಿಯಲ್ಲಿ ನೀವೇ ನೋಡಿ. ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜಾದರೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲೇಬೇಕಾಗಿ ಬಂದರೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ.

ಇನ್ನು ವಾರ್ಡ್. ಕಾಲೇಜಿನವರು ಸ್ಮಾರ್ಟ್ ಬೋರ್ಡ್, ಎಸಿ ಲ್ಯಾಬ್, ಹಾಸ್ಟೆಲ್ ಎಲ್ಲಾ ತೋರಿಸುತ್ತಾರೆ. ನೋಡಿ, ಬೇಡ ಅನ್ನುವುದಿಲ್ಲ. ಆಮೇಲೆ "ನಿಮ್ಮ ಆಸ್ಪತ್ರೆ ಎಲ್ಲಿ?" ಅಂತ ಕೇಳಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಕಾಲೇಜಿಗೆ 100 ಹಾಸಿಗೆಯ ಪೇರೆಂಟ್ ಆಸ್ಪತ್ರೆ, ಅಂದರೆ ತನ್ನದೇ ಆಸ್ಪತ್ರೆ, ಇರಬೇಕು. ಹಾಸಿಗೆ ಇದ್ದರೆ ಸಾಲದು, ಅದರ ಮೇಲೆ ರೋಗಿಗಳೂ ಇರಬೇಕಲ್ವಾ? ಮಾಮೂಲಿ ಕೆಲಸದ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೇಳದೆ ಹೋಗಿ. ಒಪಿಡಿ ಮುಂದೆ ಸುಮ್ನೆ ಅರ್ಧ ಗಂಟೆ ಕೂತರೂ ಸಾಕು, ಜನ ಬರುತ್ತಾರೋ ಇಲ್ಲವೋ ತಿಳಿಯುತ್ತದೆ. ಯೂನಿಫಾರಂ ಹಾಕಿದ ಮಕ್ಕಳು ಎಲ್ಲಿದ್ದಾರೆ, ಜೊತೆಗೆ ಮೇಡಂ ಇದ್ದಾರಾ ಅಂತ ಗಮನಿಸಿ.

ಕೊನೆಯ ವರ್ಷದವರು ಟೀ ಕುಡಿಯಲು ಹೊರಗೆ ಬಂದಾಗ ಮಾತಾಡಿಸಿ. ಪ್ರಿನ್ಸಿಪಾಲರು ಹೇಳದ್ದನ್ನು ಅವರು ಹೇಳುತ್ತಾರೆ. "ಹೆರಿಗೆ ನೀವೇ ಮಾಡಿಸಿದ್ದೀರಾ, ಇಲ್ಲಾ ದೂರ ನಿಂತು ನೋಡಿದ್ರಾ? ಕೇಸ್ ಬುಕ್ ಯಾರದ್ದಾದರೂ ನೋಡಿ ಬರೆದುಕೊಂಡ್ರಾ? ಸೈಕಿಯಾಟ್ರಿ ಪೋಸ್ಟಿಂಗ್‌ಗೆ ಎಲ್ಲಿ ಕಳಿಸಿದ್ರು, ನಿಮ್ಹಾನ್ಸಾ, ಧಾರವಾಡದ ಡಿಮ್ಹಾನ್ಸಾ?" ಉತ್ತರಕ್ಕಿಂತ ಮೊದಲು ನಗು ಬಂದರೆ ಅರ್ಥ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ, ಹಳೇ ಕಟ್ಟಡದ ಕಾಲೇಜಾದರೂ ತುಂಬಿದ ಆಸ್ಪತ್ರೆ ಇದ್ದರೆ ಅದೇ ವಾಸಿ.

ಸೀಟು ಸಿಕ್ಕಿದ ಮೇಲೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಸಿಯಾಲಜಿ ಜೊತೆಗೆ ನರ್ಸಿಂಗ್ ಫೌಂಡೇಶನ್ ಇರುತ್ತದೆ. ಕನ್ನಡ ಮೀಡಿಯಂನಿಂದ ಬಂದವರು ಇಲ್ಲಿ ಹೆದರುತ್ತಾರೆ. ದಿನಾ ಹತ್ತು ಪದ ಬರೆದು, ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಿದರೆ ಅರ್ಧ ವರ್ಷದಲ್ಲಿ ಸರಿಹೋಗುತ್ತದೆ. ಅವರಿಗೆ ಒಂದು ಲಾಭವೂ ಇದೆ: ನಮ್ಮ ವಾರ್ಡಿನ ಅಜ್ಜಿಯರು ನೋವು ಎಲ್ಲಿ, ಹೇಗೆ ಅಂತ ಬಾಯಿಬಿಡುವುದು ಅವರ ಹತ್ತಿರವೇ. ಹಾಜರಿ ಥಿಯರಿಗೆ ಶೇ 80 ಇದ್ದರೆ ಪರೀಕ್ಷೆಗೆ ಕೂರಿಸುತ್ತಾರೆ, ಆದರೆ ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ ಪೂರ್ತಿ 100 ಆಗಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಮುಗಿಯಲು ಆರು ತಿಂಗಳು ಬೇಕು. ಸೇರಿದ ವಾರವೇ ಮೊದಲನೆಯದು ಹಾಕಿಸಿ, ವಾರ್ಡಿನಲ್ಲಿ ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚಿಕೊಂಡ ಮೇಲೆ ಲಸಿಕೆಗೆ ಓಡಾಡುವ ಹಾಗಾಗಬಾರದು. ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್.

ಡಿಗ್ರಿ ಬಂದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ಆರ್‌ಎನ್, ಆರ್‌ಎಂ, ಅಂದರೆ ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ. ನರ್ಸಿಂಗ್ ಆಫೀಸರ್ ನೇಮಕಾತಿಗೆ ಏಮ್ಸ್‌ನವರು ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿಯವರು ನೋಂದಣಿ ಆದ ಕೂಡಲೇ ಕೂರಬಹುದು. ಜಿಎನ್‌ಎಂನವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ, ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಅದೆಲ್ಲಾ ಆಮೇಲಿನ ಮಾತು. ಈಗಲೇ ಮಾಡಬೇಕಾದ್ದು ಒಂದಿದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರಿನಲ್ಲಿ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಥರ ಇದೆಯಾ ನೋಡಿ. ಇಲ್ಲದಿದ್ದರೆ ಅಡ್ಮಿಷನ್‌ಗೆ ಮೊದಲೇ ಸರಿಮಾಡಿಸಿ. ರಿಜಿಸ್ಟ್ರೇಷನ್, ಪಾಸ್‌ಪೋರ್ಟ್ ಹೊತ್ತಿಗೆ ಜಾಸ್ತಿ ಜನ ಅಲೆಯುವುದು ಇದೊಂದಕ್ಕೇ.